ಇಂಜಿನ್ ಕಿರುಚಿದರೆ ಬೆಲ್ಟ್ ಬದಲಿಸುವ ಮುಂಚೆ

ಟೊಮೇಟೊ ಜೋರಾಗಿದ್ದ ಕಾಲ. ರಾತ್ರಿ ಎರಡೂವರೆಗೆ ಫೋನ್ ಬಂತು. "ಅಣ್ಣಾ, ಗಾಡಿ ಹೀಟಾಗಿ ನಿಂತುಬಿಟ್ಟಿದೆ. ಕೋಲಾರ ಇನ್ನೂ ಹತ್ತು ಕಿಲೋಮೀಟರ್ ಇದೆ." ನಾನು ಬೈಕಿನಲ್ಲಿ ಹೋಗಿ ನೋಡಿದಾಗ ಟ್ರಾಕ್ಟರ್ ರಸ್ತೆ ಪಕ್ಕ ಹೊಗೆಯಾಡುತ್ತಿತ್ತು. ಹಿಂದೆ ಟ್ರೈಲರ್ ತುಂಬಾ 15 ಕೆ.ಜಿ. ಬಾಕ್ಸ್‌ಗಳು. ಫ್ಯಾನ್ ಬೆಲ್ಟ್ ತುಂಡಾಗಿ ರೇಡಿಯೇಟರ್ ಕೆಳಗೆ ನೇತಾಡುತ್ತಿತ್ತು.

ಆ ರೈತ ಎರಡು ತಿಂಗಳಲ್ಲಿ ಮೂರು ಬೆಲ್ಟ್ ಹಾಕಿಸಿದ್ದ. ಪ್ರತಿ ಸಲವೂ ಕಿರುಚಾಟ ಒಂದು ವಾರ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಶುರು. ಕೊನೆಗೆ ಯಾರೋ ಹೇಳಿದರು ಅಂತ ಬಟ್ಟೆ ಸೋಪು ಉಜ್ಜಿದ್ದ. ನಾನು ಟಾರ್ಚ್ ಹಿಡಿದು ಫ್ಯಾನ್ ರೆಕ್ಕೆಯನ್ನು ಹಿಂದೆ ಮುಂದೆ ಅಲ್ಲಾಡಿಸಿದೆ. ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡಿತು. ವಾಟರ್ ಪಂಪಿನ ಬೇರಿಂಗ್ ಹೋಗಿತ್ತು. ಎರಡು ತಿಂಗಳಿಂದ ಬೆಲ್ಟ್‌ಗಳನ್ನು ಒಂದೊಂದಾಗಿ ತಿನ್ನುತ್ತಿದ್ದದ್ದು ಆ ಬೇರಿಂಗೇ. ಅವತ್ತು ಇಂಜಿನ್ ಬಿಸಿಗೆ ಹೆಡ್ ಗ್ಯಾಸ್ಕೆಟ್ ಕೂಡ ಹೋಯಿತು. ಬೇರೆ ಗಾಡಿಗೆ ಬಾಕ್ಸ್ ತುಂಬಿಸಿ ಮಾರ್ಕೆಟ್ ಮುಟ್ಟಿಸುವಷ್ಟರಲ್ಲಿ ಹರಾಜು ಮುಗಿದಿತ್ತು. ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಶ್ರೀನಿವಾಸಪುರದಲ್ಲಿ ಟ್ರಾಕ್ಟರ್ ಮತ್ತು ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಮೂವತ್ತು ವರ್ಷದ ಮೇಲಾಯಿತು. ಕಿರುಚುವ ಗಾಡಿ ತಂದವರಲ್ಲಿ ಹತ್ತಕ್ಕೆ ಎಂಟು ಜನ "ಬೆಲ್ಟ್ ಬದಲಿಸಿಬಿಡಿ" ಅಂತಲೇ ಇಳಿಯುತ್ತಾರೆ. ಬೆಲ್ಟ್ ಕಿರುಚುತ್ತಿರುವುದು ನಿಜವೇ. ಆದರೆ ಅದು ಯಾವುದನ್ನೋ ಎಳೆಯಲಾರದೆ ಕಿರುಚುತ್ತಿರುತ್ತದೆ. ಅದು ಯಾವುದು ಅಂತ ಹುಡುಕುವುದನ್ನು ನೀವೇ ಮನೆಯಲ್ಲಿ ಮಾಡಬಹುದು. ದೊಡ್ಡ ಸಾಮಾನು ಬೇಡ. ಅರ್ಧ ಗಂಟೆ ಸಾಕು.

ಮೊದಲು ಕೇಳಿ, ಆಮೇಲೆ ಮುಟ್ಟಿ

ಶಬ್ದ ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಬೇರೆ ಕಡೆ ರಿಪೇರಿ ಮಾಡಿಸುವುದಾದರೂ ಇದನ್ನು ನೋಡಿಟ್ಟುಕೊಂಡು ಹೋಗಿ. ಮೆಕ್ಯಾನಿಕ್ ಸಮಯ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಕಿಯ್ಯ್ ಅಂತ ಉದ್ದಕ್ಕೆ ಎಳೆದು, ಒಂದೆರಡು ನಿಮಿಷಕ್ಕೆ ನಿಂತುಹೋಗುತ್ತದೆಯಾ? ಹಾಗಾದರೆ ಬೆಲ್ಟ್ ಜಾರುತ್ತಿದೆ. ಸೆಲ್ಫ್ ಹೊಡೆದಾಗ ಬ್ಯಾಟರಿಯ ಶಕ್ತಿ ಖರ್ಚಾಗಿರುತ್ತದೆ. ಅದನ್ನು ತುಂಬಲು ಡೈನಮೋ ಆಗ ಪೂರ್ತಿ ದುಡಿಯುತ್ತದೆ. ದುಡಿಯುವ ಡೈನಮೋ ತಿರುಗಿಸಲು ಭಾರ. ಸಡಿಲ ಬೆಲ್ಟ್‌ಗೆ ಅಷ್ಟು ಹಿಡಿತ ಇರುವುದಿಲ್ಲ, ಜಾರುತ್ತದೆ. ಬ್ಯಾಟರಿ ತುಂಬುತ್ತಾ ಬಂದಂತೆ ಭಾರ ಇಳಿದು ಶಬ್ದ ನಿಲ್ಲುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಇಂಜಿನ್ ಓಡುವಾಗ ಹೆಡ್‌ಲೈಟ್ ಎಲ್ಲ ಹಾಕಿ. ಶಬ್ದ ಮತ್ತೆ ಬಂದರೆ ಅನುಮಾನ ಬೇಡ. ಬ್ಯಾಟರಿಯೇ ಹಳೆಯದಾಗಿ ಚಾರ್ಜ್ ಹಿಡಿಯದೆ ಡೈನಮೋವನ್ನು ಇಡೀ ದಿನ ದುಡಿಸುತ್ತಿದ್ದರೂ ಹೀಗೇ ಆಗುತ್ತದೆ. ಎರಡು ನಿಮಿಷಕ್ಕೆ ನಿಲ್ಲದೆ ಗಂಟೆಗಟ್ಟಲೆ ಕಿರುಚಿದರೆ ಬ್ಯಾಟರಿಯನ್ನೂ ಚೆಕ್ ಮಾಡಿಸಿ.

ಚಳಿಗಾಲದಲ್ಲಿ ಬಯಲಲ್ಲಿ ನಿಂತ ಗಾಡಿ ಇಬ್ಬನಿಗೆ ನೆನೆದು ಹತ್ತು ಹದಿನೈದು ಸೆಕೆಂಡ್ ಕೂಗಿ ಸುಮ್ಮನಾದರೆ ಗಾಬರಿ ಬೇಡ.

ಉದ್ದಕ್ಕೆ ಎಳೆಯದೆ ಗುಬ್ಬಿ ಕೂಗಿದ ಹಾಗೆ ಚಿವ್ ಚಿವ್ ಅಂತ ಬಿಟ್ಟು ಬಿಟ್ಟು ಬಂದರೆ, ಇಂಜಿನ್ ವೇಗ ಏರಿದಂತೆ ಚಿವ್ ಚಿವ್ ಕೂಡ ಬೇಗ ಬೇಗ ಆದರೆ, ಬೆಲ್ಟ್ ಸುತ್ತುವ ಚಕ್ರಗಳು, ಅಂದರೆ ಪುಲ್ಲಿಗಳು, ಒಂದೇ ಗೆರೆಯಲ್ಲಿ ಇಲ್ಲ. ಬೆಲ್ಟ್ ಸೊಟ್ಟ ಓಡುತ್ತಿದೆ.

ಕಿರುಚಾಟದ ಕೆಳಗೆ ಗರಗರ ಅಂತ ಇನ್ನೊಂದು ಶಬ್ದ ಇದ್ದರೆ, ಬಿಸಿಯಾದ ಮೇಲೆ ಅದು ಜಾಸ್ತಿ ಆದರೆ, ಬೇರಿಂಗ್. ಇದನ್ನು ಮಾತ್ರ ನಾಳೆಗೆ ತಳ್ಳಬೇಡಿ.

ಇನ್ನು ಬೆಲ್ಟ್‌ಗೆ ಸಂಬಂಧವೇ ಇಲ್ಲದ ಕಿರುಚಾಟಗಳೂ ಇವೆ. ಕ್ಲಚ್ ತುಳಿದಾಗ ಬಂದು ಬಿಟ್ಟಾಗ ನಿಲ್ಲುವುದು ಕ್ಲಚ್‌ನ ಥ್ರಸ್ಟ್ ಬೇರಿಂಗ್. ಹೈಡ್ರಾಲಿಕ್ ಲಿವರ್ ಮೇಲೆತ್ತಿ ಹಿಡಿದಾಗ ಬರುವುದು ಲಿಫ್ಟ್ ತುದಿ ಮುಟ್ಟಿದ ಮೇಲೂ ಪಂಪ್ ಒತ್ತುತ್ತಿರುವ ಶಬ್ದ. ಲಿವರ್ ಸ್ವಲ್ಪ ಇಳಿಸಿದರೆ ನಿಲ್ಲುತ್ತದೆ. ಇಳಿಸಿದರೂ ನಿಲ್ಲದಿದ್ದರೆ ಆಯಿಲ್ ಮಟ್ಟ ನೋಡಿ. ಸೆಲ್ಫ್ ಬಿಟ್ಟ ಮೇಲೂ ಒಂದು ಕ್ಷಣ ಕರ್ಕಶವಾಗಿ ಕೂಗಿದರೆ ಸೆಲ್ಫ್‌ನ ಚಿಕ್ಕ ಗೇರ್ ಹಿಂದೆ ಬರುತ್ತಿಲ್ಲ. ಭಾರ ಎಳೆಯುವಾಗ ಸೈಲೆನ್ಸರ್ ಕಡೆಯಿಂದ ಪೀಪಿಯಂತೆ ಬಂದರೆ ಎಕ್ಸಾಸ್ಟ್ ಗ್ಯಾಸ್ಕೆಟ್ ಹತ್ತಿರ ಕಪ್ಪು ಮಸಿ ಇದೆಯಾ ನೋಡಿ, ಗಾಳಿ ಅಲ್ಲಿಂದ ನುಗ್ಗುತ್ತಿರುತ್ತದೆ.

ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಸೀಳಿದಾಗಲೂ ಸುಯ್ ಅಂತ ಸಿಳ್ಳೆ ಬರುತ್ತದೆ. ಇದಕ್ಕೆ ಒಂದು ಮಾತು ಜಾಸ್ತಿ ಹೇಳಬೇಕು. ನಮ್ಮ ಕೆಂಪು ಧೂಳು ಹಿಟ್ಟಿನಷ್ಟು ನುಣ್ಣಗೆ. ಆ ಸೀಳಿನಿಂದ ಒಳಗೆ ಹೋದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ರೋಟವೇಟರ್ ಹೊಡೆಯುವ ಒಂದೇ ಸುಗ್ಗಿಯಲ್ಲಿ ಇಂಜಿನ್ ಒಳಗಿನ ಲೈನರ್, ರಿಂಗ್ ಸವೆದು, ಇಂಜಿನ್ ಬಿಚ್ಚಿ ಬೋರ್ ಮಾಡಿಸುವುದಕ್ಕೆ ಬರುತ್ತದೆ. ಚಿಕ್ಕ ಸಿಳ್ಳೆ ಅಂತ ಬಿಡಬೇಡಿ.

ಕೈ ಹಾಕುವಾಗ

ಟವೆಲ್ ತೆಗೆದಿಡಿ. ಹೆಗಲ ಮೇಲಿನ ಟವೆಲ್, ದುಪ್ಪಟ್ಟಾ, ಸಡಿಲ ತೋಳಿನ ಅಂಗಿ, ಸೆರಗು, ಯಾವುದೂ ಓಡುವ ಇಂಜಿನ್ ಮುಂದೆ ಇರಬಾರದು. ಫ್ಯಾನ್ ಎಳೆದುಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನಾನು ಕೆಲಸ ಕಲಿತ ಕೋಲಾರದ ಗ್ಯಾರೇಜಿನ ಮೇಸ್ತ್ರಿಗೆ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಹೊಸ ಹುಡುಗರು ಸೇರಿದ ದಿನ ಅವರು ಬೇರೆ ಏನೂ ಹೇಳುತ್ತಿರಲಿಲ್ಲ, ಆ ಕೈ ತೋರಿಸುತ್ತಿದ್ದರು. ಬೆಲ್ಟ್ ಮುಟ್ಟುವ ಮುಂಚೆ ಇಂಜಿನ್ ಆಫ್ ಮಾಡಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮಕ್ಕಳು ಸೀಟಿನ ಮೇಲೆ ಕೂತಿದ್ದರೆ ಇಳಿಸಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಬೆಲ್ಟ್ ಓದುವುದು

ಟ್ರಾಕ್ಟರ್‌ನ ಮುಂಭಾಗದಲ್ಲಿ ಸಾಮಾನ್ಯವಾಗಿ ಒಂದೇ ಬೆಲ್ಟ್ ಮೂರು ಪುಲ್ಲಿ ಸುತ್ತುತ್ತದೆ. ಕೆಳಗೆ ಕ್ರ್ಯಾಂಕ್ ಪುಲ್ಲಿ, ಮೇಲೆ ವಾಟರ್ ಪಂಪ್ ಮತ್ತು ಫ್ಯಾನ್, ಪಕ್ಕದಲ್ಲಿ ಡೈನಮೋ. ಬೆಲ್ಟ್ ತುಂಡಾದರೆ ನೀರು ತಿರುಗುವುದು, ಗಾಳಿ ಬೀಸುವುದು, ಚಾರ್ಜ್ ಆಗುವುದು ಮೂರೂ ಒಟ್ಟಿಗೇ ನಿಲ್ಲುತ್ತವೆ. ಕೆಲವೇ ನಿಮಿಷದಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಆ ರೈತನಿಗೆ ಆದದ್ದು ಅದೇ. ಕತ್ತಲಲ್ಲಿ ಮುಳ್ಳು ಕಾಣಲಿಲ್ಲ.

ಈ ಬೆಲ್ಟ್ ವಿ ಆಕಾರದ್ದು. ಇದರ ಹಿಡಿತ ಇರುವುದು ಎರಡು ಪಕ್ಕಗಳಲ್ಲಿ, ತಳದಲ್ಲಿ ಅಲ್ಲ. ಪುಲ್ಲಿಯ ಕಾಲುವೆಯೊಳಗೆ ಬೆಣೆ ಹೊಡೆದ ಹಾಗೆ ಕೂತು ಪಕ್ಕಗಳಿಂದ ಎಳೆಯುತ್ತದೆ. ಇದು ಗೊತ್ತಾದರೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ಬೆಲ್ಟ್ ತಿರುಚಿ ಪಕ್ಕ ನೋಡಿ. ಮಂಕಾಗಿ ಕಪ್ಪಗಿದ್ದರೆ ಸರಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಜಾರಿ ಜಾರಿ ಸುಟ್ಟಿದೆ. ಅಂಥದ್ದನ್ನು ಎಷ್ಟು ಬಿಗಿ ಮಾಡಿದರೂ ಹಿಡಿಯುವುದಿಲ್ಲ, ಬದಲಿಸಲೇಬೇಕು. ಒಳಬದಿಯಲ್ಲಿ ಅಡ್ಡ ಸೀಳು, ದಾರ ಎದ್ದಿರುವುದು, ಒಂದು ತುಂಡು ಕಿತ್ತುಹೋಗಿರುವುದು ಕಂಡರೂ ಅಷ್ಟೇ. ಒಂದೇ ಪಕ್ಕ ಸವೆದಿದ್ದರೆ ಸೊಟ್ಟ ಓಡಿದೆ.

ಈಗ ಪುಲ್ಲಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಬೆಲ್ಟ್‌ನ ಬೆನ್ನು ಪುಲ್ಲಿಯ ಅಂಚಿಗೆ ಸಮವಾಗಿ ಅಥವಾ ಕೂದಲೆಳೆಯಷ್ಟು ಮೇಲೆ ಇರಬೇಕು. ಒಳಗೆ ಕುಸಿದು ಕೂತಿದ್ದರೆ, ಕಾಲುವೆಯ ತಳ ಉಜ್ಜಿ ಹೊಳೆಯುತ್ತಿದ್ದರೆ, ಬೆಲ್ಟ್ ತಳಕ್ಕೆ ತಾಗುತ್ತಿದೆ. ಅಂದರೆ ಪಕ್ಕದ ಬೆಣೆ ಹಿಡಿತ ಹೋಯಿತು. ಹೊಸ ಬೆಲ್ಟ್ ಹಾಕಿದರೂ ಹೀಗೇ ಕುಸಿದರೆ ಪುಲ್ಲಿ ಸವೆದಿದೆ, ಇಲ್ಲವೇ ಅಂಗಡಿಯವರು ಕೊಟ್ಟ ಬೆಲ್ಟ್ ಅಗಲ ಕಡಿಮೆ. ಪಂಪ್‌ಸೆಟ್ ಮತ್ತು ಗಿರಣಿಗಳಲ್ಲಿ ಇದು ತುಂಬಾ ಆಗುತ್ತದೆ. ಎ ಬೆಲ್ಟ್ ಮೇಲ್ಭಾಗದ ಅಗಲ 13 ಮಿ.ಮೀ., ಬಿ ಬೆಲ್ಟ್‌ದು 17 ಮಿ.ಮೀ. ಬಿ ಪುಲ್ಲಿಗೆ ಎ ಬೆಲ್ಟ್ ಹಾಕಿದರೆ ಸುತ್ತಿಕೊಳ್ಳುತ್ತದೆ, ತಿರುಗುತ್ತದೆ, ಆದರೆ ಕಿರುಚುತ್ತಲೇ ಇರುತ್ತದೆ. ಹಳೆಯ ಬೆಲ್ಟ್ ಮೇಲೆ ಬಿ 48 ಅಂತ ಇದ್ದರೆ ಬಿ ಅಗಲ, ಒಳ ಸುತ್ತಳತೆ 48 ಇಂಚು. ಅಕ್ಷರ ಅಳಿಸಿಹೋಗಿದ್ದರೆ ಬೆಲ್ಟನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ಎರಡು ಬೆಲ್ಟ್ ಜೋಡಿ ಓಡುವ ಕಡೆ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಹೊಸದರ ಮೇಲೇ ಪೂರ್ತಿ ಭಾರ ಬೀಳುತ್ತದೆ.

ಬೆಲ್ಟ್ ಮೇಲೆ ಆಯಿಲ್, ಡೀಸೆಲ್ ಅಥವಾ ಕೂಲೆಂಟ್ ಅಂಟಿದೆಯಾ? ಹಾಗಾದರೆ ಅದು ಎಲ್ಲಿಂದ ಬಂತು ಅಂತ ಹುಡುಕಿ. ಕ್ರ್ಯಾಂಕ್ ಪುಲ್ಲಿ ಹಿಂದಿನ ಆಯಿಲ್ ಸೀಲ್ ಸೋರಿದರೆ ಪುಲ್ಲಿ ಸುತ್ತ ಆಯಿಲ್ ಚಿಮ್ಮಿದ ಗುರುತು ಚಕ್ರದಂತೆ ಕಾಣುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟ್ ಹಾಕಿದರೆ ಅದೂ ನೆನೆದು ಊದಿಕೊಳ್ಳುತ್ತದೆ.

ಸೋಪು, ಹರಳೆಣ್ಣೆ, ರಾಳ

ಕಿರುಚುವ ಬೆಲ್ಟ್‌ಗೆ ಏನಾದರೂ ಹಚ್ಚುವ ಅಭ್ಯಾಸ ನಮ್ಮಲ್ಲಿ ಹಳೆಯದು. ಅದಕ್ಕೆ ಕಾರಣವೂ ಇದೆ. ಹಿಂದೆ ಗಿರಣಿಗಳಲ್ಲಿ ಅಗಲವಾದ ಚರ್ಮದ ಪಟ್ಟಾ ಓಡುತ್ತಿದ್ದವು. ಚರ್ಮ ಒಣಗಿ ಗಟ್ಟಿಯಾಗುತ್ತದೆ. ಅದಕ್ಕೆ ಎಣ್ಣೆ ಹಚ್ಚಿದರೆ ಮೆತ್ತಗಾಗಿ ಹಿಡಿತ ಬರುತ್ತಿತ್ತು, ರಾಳ ಹಾಕಿದರೆ ಅಂಟು ಬರುತ್ತಿತ್ತು. ಹಿರಿಯರು ಮಾಡಿದ್ದು ಸರಿಯೇ. ಆದರೆ ಈಗಿನದು ರಬ್ಬರ್. ಎಣ್ಣೆ ರಬ್ಬರನ್ನು ಊದಿಸಿ ಮೆತ್ತಗೆ ಮಾಡಿ ಕೊಲ್ಲುತ್ತದೆ. ಸೋಪು ಶಬ್ದವನ್ನು ಮುಚ್ಚುತ್ತದೆ, ಜಾರುವಿಕೆಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ರಾಳಕ್ಕೆ ನಮ್ಮ ಧೂಳು ಅಂಟಿ ಉಪ್ಪುಕಾಗದದ ಹಾಗೆ ಪುಲ್ಲಿಯನ್ನು ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ಬೆಲ್ಟ್ ಸ್ಪ್ರೇ ಕೂಡ ಕೆಲವು ದಿನದ ಮಾತು. ಬೆಲ್ಟ್‌ಗೆ ಏನನ್ನೂ ಹಚ್ಚಬೇಡಿ.

ನೀರು ಮಾತ್ರ ಹಾಕಬಹುದು. ಅದೂ ಪರೀಕ್ಷೆಗೆ. ಒಂದು ಬಾಟಲಿ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ. ಇಂಜಿನ್ ಐಡಲ್‌ನಲ್ಲಿ ಓಡುವಾಗ, ಒಂದು ತೋಳು ದೂರ ನಿಂತು, ಬೆಲ್ಟ್‌ನ ಒಳಬದಿಗೆ ಸ್ವಲ್ಪ ನೀರು ಚಿಮ್ಮಿಸಿ. ಡೈನಮೋ ಮೇಲೆ ಬೀಳದಿರಲಿ. ಶಬ್ದ ತಕ್ಷಣ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿ ಸೊಟ್ಟ ಇರುವ ಸಾಧ್ಯತೆ ಜಾಸ್ತಿ. ನೀರು ಬಿದ್ದ ಕೂಡಲೇ ಶಬ್ದ ಜೋರಾದರೆ ಬೆಲ್ಟ್ ಸಡಿಲ, ಜಾರುತ್ತಿದೆ. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ.

ಬೆಲ್ಟ್ ಬಿಚ್ಚಿ ಕೈಯಿಂದ ತಿರುಗಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ. ಆ ಮೂರು ಬೆಲ್ಟ್ ಹಾಕಿದವರು ಒಂದು ಸಲ ಇದನ್ನು ಮಾಡಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ.

ಡೈನಮೋ ಕೆಳಗೆ ಅದು ತಿರುಗುವ ದೊಡ್ಡ ಬೋಲ್ಟ್ ಇರುತ್ತದೆ. ಮೇಲೆ ಉದ್ದ ತೂತಿನ ಪಟ್ಟಿಯಲ್ಲಿ ಬಿಗಿ ಮಾಡುವ ಬೋಲ್ಟ್ ಇರುತ್ತದೆ. ಎರಡನ್ನೂ ಸಡಿಲ ಮಾಡಿ. ಮೇಲಿನದನ್ನು ಮಾತ್ರ ಸಡಿಲ ಮಾಡಿ ಎಳೆದರೆ ಬೋಲ್ಟ್ ಕೂರುವ ಡೈನಮೋ ಕಿವಿ ಮುರಿಯುತ್ತದೆ. ಡೈನಮೋವನ್ನು ಇಂಜಿನ್ ಕಡೆ ತಳ್ಳಿ, ಬೆಲ್ಟ್ ತೆಗೆಯಿರಿ. ಹಳೆಯದನ್ನೇ ಮತ್ತೆ ಹಾಕುವುದಾದರೆ ತಿರುಗುವ ದಿಕ್ಕಿಗೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ.

ಈಗ ಬೆಲ್ಟ್ ಇಲ್ಲದೆ ಇಂಜಿನ್ ಸ್ಟಾರ್ಟ್ ಮಾಡಿ, ಮೂವತ್ತು ಸೆಕೆಂಡ್ ಮಾತ್ರ. ನೀರು ತಿರುಗುವುದಿಲ್ಲ, ಅದಕ್ಕೇ ಗಡಿಯಾರ ನೋಡಿ ನಿಲ್ಲಿಸಿ. ಶಬ್ದ ಹಾಗೇ ಇದ್ದರೆ ಬೆಲ್ಟ್ ತಪ್ಪಿಲ್ಲ, ಅದು ಎಳೆಯುವ ಭಾಗಗಳದ್ದೂ ಅಲ್ಲ. ಮೇಲೆ ಹೇಳಿದ ಬೇರೆ ಕಾರಣ ಹುಡುಕಿ. ಶಬ್ದ ಹೋಗಿದ್ದರೆ ಕಳ್ಳ ಬೆಲ್ಟ್, ಡೈನಮೋ, ವಾಟರ್ ಪಂಪ್ ಈ ಮೂರರಲ್ಲೇ ಇದ್ದಾನೆ.

ಆಫ್ ಮಾಡಿ, ಕೀ ತೆಗೆದು, ಡೈನಮೋ ಪುಲ್ಲಿ ತಿರುಗಿಸಿ. ನುಣ್ಣಗೆ ತಿರುಗಬೇಕು. ಒಳಗೆ ಬ್ರಷ್ ಉಜ್ಜುವ ತೆಳು ಸರಸರ ಸಹಜ. ಮರಳು ಸಿಕ್ಕಿದ ಹಾಗೆ ಕೈಗೆ ಗರಗರ ತಾಗಿದರೆ ಬೇರಿಂಗ್ ಹೋಗಿದೆ. ಬೇರಿಂಗ್ ನಂಬರ್ ಅದರ ಪಕ್ಕದಲ್ಲೇ ಕೊರೆದಿರುತ್ತದೆ. ಉದಾಹರಣೆಗೆ 6203 ಅಂದರೆ ಒಳ ತೂತು 17 ಮಿ.ಮೀ., ಹೊರ ಅಳತೆ 40 ಮಿ.ಮೀ., ದಪ್ಪ 12 ಮಿ.ಮೀ. ನಂಬರ್ ಆದಮೇಲೆ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಅಂತ ಇದ್ದರೆ ತಗಡಿನ ಮುಚ್ಚಳ. ನಮ್ಮ ಧೂಳಿಗೆ ನಾನು ರಬ್ಬರ್ ಸೀಲಿನದನ್ನೇ ಕೇಳಿ ತರುತ್ತೇನೆ.

ಆಮೇಲೆ ಫ್ಯಾನ್. ರೆಕ್ಕೆಯ ತುದಿ ಹಿಡಿದು ಮುಂದೆ ಹಿಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಲೇಬಾರದು. ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಒಂದು ಚಿಕ್ಕ ತೂತು ಇದೆ. ಬೆರಳು ಹಾಕಿ ಮುಟ್ಟಿ. ಒದ್ದೆ ಇದ್ದರೆ, ಅಥವಾ ಬಿಳಿ, ಹಸಿರು ಕಲೆ ಒಣಗಿದ್ದರೆ, ಒಳಗಿನ ನೀರಿನ ಸೀಲ್ ಸೋರುತ್ತಿದೆ. ಆ ತೂತು ಇರುವುದೇ ಸೋರಿದ ನೀರು ಬೇರಿಂಗ್‌ಗೆ ಹೋಗದೆ ಹೊರಗೆ ಬೀಳಲಿ ಅಂತ. ನೀರು ಬೀಳುತ್ತಿದೆ ಅಂತ ಅದಕ್ಕೆ ಎಂ-ಸೀಲ್ ಅಂಟು ಮೆತ್ತಿದ ಗಾಡಿಗಳನ್ನು ನಾನು ಎಷ್ಟೋ ನೋಡಿದ್ದೇನೆ. ಆ ರೈತನದೂ ಹಾಗೇ ಮೆತ್ತಿತ್ತು. ಹೊರಗೆ ದಾರಿ ಇಲ್ಲದ ನೀರು ಬೇರಿಂಗ್ ಒಳಗೆ ಹೋಗಿ ಗ್ರೀಸ್ ತೊಳೆಯಿತು. ಬೇರಿಂಗ್ ಸವೆಯಿತು, ಪುಲ್ಲಿ ವಾಲಿತು, ಬೆಲ್ಟ್ ಸೊಟ್ಟ ಓಡಿತು, ಕಿರುಚಿತು. ಶುರುವಾಗಿದ್ದು ಒಂದು ಹನಿ ನೀರಿನಿಂದ.

ಸೀಲ್ ಯಾಕೆ ಹೋಗುತ್ತದೆ ಅಂತ ಕೇಳಿದರೆ, ನಮ್ಮ ಕಡೆ ದೊಡ್ಡ ಕಾರಣ ನೀರೇ. ಸಾವಿರ ಅಡಿ ದಾಟಿದ ಬೋರ್‌ವೆಲ್‌ನ ಗಡಸು ನೀರನ್ನು ರೇಡಿಯೇಟರ್‌ಗೆ ಸುರಿಯುತ್ತೇವೆ. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಸೀಲಿನ ಮೇಲೂ ಕಟ್ಟಿ ಅದನ್ನು ಗೀರುತ್ತದೆ. ಕೂಲೆಂಟ್ ಹಾಕಿ, ಬೆರೆಸಲು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರು ತನ್ನಿ. ವಾಟರ್ ಪಂಪಿನ ಬೆಲೆ ಮುಂದೆ ಅದು ಏನೂ ಅಲ್ಲ.

ಕೊನೆಗೆ ಮೂರು ಪುಲ್ಲಿಯೂ ಒಂದೇ ಗೆರೆಯಲ್ಲಿವೆಯಾ ನೋಡಿ. ಫ್ಯಾನ್ ಅಡ್ಡ ಬರದ ಕಡೆ ಉದ್ದ ಸ್ಕೇಲ್ ಇಟ್ಟು ನೋಡಬಹುದು, ಇಲ್ಲವೇ ದಾರ ಬಿಗಿಯಾಗಿ ಎಳೆದು ನೋಡಬಹುದು. ಡೈನಮೋ ರಿಪೇರಿ ಆದ ಮೇಲೆ ಬೋಲ್ಟ್ ಹತ್ತಿರದ ವಾಷರ್ ಮರೆತಿದ್ದರೆ ಡೈನಮೋ ಹಿಂದಕ್ಕೆ ಕೂತಿರುತ್ತದೆ. ರಿಪೇರಿ ಆದ ಮಾರನೇ ದಿನದಿಂದಲೇ ಚಿವ್ ಚಿವ್ ಶುರುವಾಗಿದ್ದರೆ ಮೊದಲು ಆ ವಾಷರ್ ಹುಡುಕಿ.

ಎಷ್ಟು ಬಿಗಿ?

ಹೊಸ ಬೆಲ್ಟನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಪುಲ್ಲಿ ಹತ್ತಿಸಬೇಡಿ. ಒಳಗಿನ ದಾರ ಕಡಿದುಹೋಗುತ್ತದೆ, ಹೊರಗೆ ಕಾಣುವುದಿಲ್ಲ, ತಿಂಗಳೊಳಗೆ ತುಂಡಾಗುತ್ತದೆ. ಡೈನಮೋವನ್ನು ಪೂರ್ತಿ ಒಳಗೆ ತಳ್ಳಿದರೆ ಕೈಯಲ್ಲೇ ಕೂರುತ್ತದೆ. ಆಮೇಲೆ ಮರದ ಹಿಡಿ ಅಥವಾ ಸಣ್ಣ ಹಾರೆಯಿಂದ ಡೈನಮೋವನ್ನು ಹೊರಗೆ ಮೀಟಿ. ಮುಂದಿನ ದಪ್ಪ ಕಿವಿಯ ಹತ್ತಿರ ಮೀಟಬೇಕು, ಹಿಂದಿನ ತೆಳು ಅಲ್ಯುಮಿನಿಯಂ ಮೇಲೆ ಅಲ್ಲ. ಹಾಗೇ ಹಿಡಿದು ಮೇಲಿನ ಬೋಲ್ಟ್ ಬಿಗಿ ಮಾಡಿ, ಆಮೇಲೆ ಕೆಳಗಿನದು.

ಎರಡು ಪುಲ್ಲಿ ನಡುವಿನ ಉದ್ದ ಭಾಗದಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಬಹುತೇಕ ಟ್ರಾಕ್ಟರ್‌ಗಳಲ್ಲಿ 10ರಿಂದ 12 ಮಿ.ಮೀ. ಬಗ್ಗಿದರೆ ಸರಿ. ಸುಮಾರು ಅರ್ಧ ಇಂಚು. ನಿಮ್ಮ ಗಾಡಿ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಪಂಪ್‌ಸೆಟ್, ಗಿರಣಿಯಂಥ ದೂರದ ಪುಲ್ಲಿಗಳಿಗೆ ಒಂದು ಲೆಕ್ಕ ಇದೆ: ನಡುವಿನ ಉದ್ದ ಒಂದು ಮೀಟರ್ ಇದ್ದರೆ 16 ಮಿ.ಮೀ. ಬಗ್ಗಬೇಕು, ಅರ್ಧ ಮೀಟರ್ ಇದ್ದರೆ 8.

ಕಿರುಚುತ್ತದೆ ಅಂತ ವೀಣೆ ತಂತಿಯಷ್ಟು ಬಿಗಿ ಮಾಡುವವರೇ ಜಾಸ್ತಿ. ನಾನೂ ಕಲಿಯುವ ಕಾಲದಲ್ಲಿ ಹಾಗೆ ಮಾಡಿದ್ದೆ. ಮುಳಬಾಗಿಲು ಕಡೆಯ ಒಂದು ಗಾಡಿಗೆ ಬೆಲ್ಟ್ ಬಿಗಿ ಮಾಡಿ ಶಬ್ದ ನಿಲ್ಲಿಸಿ ಕಳಿಸಿದೆ. ಇಪ್ಪತ್ತು ದಿನಕ್ಕೆ ಡೈನಮೋ ಬೇರಿಂಗ್ ಹೋಗಿ ವಾಪಸ್ ಬಂತು. ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಆ ಬೇರಿಂಗ್ ನನ್ನ ಕೈಗೆ ಕೊಟ್ಟು ತಿರುಗಿಸು ಅಂದರು. ಆ ಗರಗರ ನನ್ನ ಬೆರಳಿಗೆ ಇವತ್ತಿಗೂ ನೆನಪಿದೆ.

ಹೊಸ ಬೆಲ್ಟ್ ಮೊದಲ ಕೆಲವು ಗಂಟೆ ಹಿಗ್ಗುತ್ತದೆ. ಹತ್ತು ಗಂಟೆ ಓಡಿದ ಮೇಲೆ ಇನ್ನೊಮ್ಮೆ ಒತ್ತಿ ನೋಡಿ, ಬೇಕಾದರೆ ಬಿಗಿ ಮಾಡಿ. ಇದನ್ನು ಬಿಟ್ಟಿದ್ದಕ್ಕೇ ಎಷ್ಟೋ ಹೊಸ ಬೆಲ್ಟ್ ಎರಡನೇ ವಾರ ಕಿರುಚುತ್ತವೆ.

ಮಲ್ಪೆಯಿಂದ ಬಂದ ವಿಡಿಯೋ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ನೀರು, ಕೆರೆಗಳಿಗೆ ಬಂದ ಮೇಲೆ ಮೀನು ಹಿಡಿಯುವ ತೆಪ್ಪಗಳು ಕಾಣುತ್ತವೆ, ಅವಕ್ಕೆ ಇಂಜಿನ್ ಇಲ್ಲ. ಆದರೂ ನಾನು ಒಂದು ಬೋಟ್ ಇಂಜಿನ್ ನೋಡಿದ್ದೇನೆ, ಫೋನಿನಲ್ಲಿ. ನಮ್ಮ ಅಕ್ಕನ ಮಗ ಮಲ್ಪೆಯಲ್ಲಿ ಮೀನು ಹಿಡಿಯುವ ಬೋಟ್‌ಗೆ ಕೆಲಸಕ್ಕೆ ಹೋಗುತ್ತಾನೆ. ಒಂದು ಆಗಸ್ಟ್ ತಿಂಗಳ ಮೊದಲ ವಾರ ವಿಡಿಯೋ ಕಳಿಸಿದ. "ಮಾವ, ಇದನ್ನ ಕೇಳಿ." ಸ್ಟಾರ್ಟ್ ಮಾಡಿದ ಕೂಡಲೇ ನಮ್ಮ ಟ್ರಾಕ್ಟರ್‌ನದೇ ಕಿಯ್ಯ್.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟು ದಿನ ಇಂಜಿನ್ ಮಳೆಗಾಲದ ಉಪ್ಪು ಗಾಳಿಯಲ್ಲಿ ನಿಂತಿರುತ್ತದೆ. ಪುಲ್ಲಿಯ ಕಾಲುವೆ ತುಕ್ಕು ಹಿಡಿಯುತ್ತದೆ. ಬೆಲ್ಟ್ ಪುಲ್ಲಿ ಸುತ್ತಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ತುಕ್ಕು ಉಪ್ಪುಕಾಗದದ ಹಾಗೆ ಬೆಲ್ಟನ್ನು ಉಜ್ಜಿ ಸುತ್ತಲೂ ಕಪ್ಪು ಪುಡಿ ಉದುರಿಸುತ್ತದೆ. ವಿಡಿಯೋದಲ್ಲಿ ಆ ಕಪ್ಪು ಪುಡಿ ಚೆನ್ನಾಗಿ ಕಾಣುತ್ತಿತ್ತು. ಬೆಲ್ಟ್ ತೆಗೆದು, ಕಾಲುವೆಯ ತುಕ್ಕನ್ನು ಎಮರಿ ಪೇಪರ್‌ನಲ್ಲಿ ನುಣ್ಣಗೆ ಉಜ್ಜಿ, ಒರೆಸಿ, ಹೊಸ ಬೆಲ್ಟ್ ಹಾಕು ಅಂದೆ. ಕಾಲುವೆಗೆ ಪೇಂಟ್ ಹೊಡೆಯಬೇಡ ಅಂತಲೂ ಹೇಳಿದೆ. ಸಂಜೆಗೆ ಇನ್ನೊಂದು ವಿಡಿಯೋ ಬಂತು, ಶಬ್ದ ಇಲ್ಲ. ಈಗ ಅವನು ಮೇ ಕೊನೆಯಲ್ಲೇ ಬೆಲ್ಟ್ ಬಿಚ್ಚಿ ಒಳಗೆ ತೂಗುಹಾಕಿ ಬರುತ್ತಾನೆ.

ಬೋಟ್‌ನಲ್ಲಿ ಎರಡು ವಿಷಯ ಬೇರೆ. ಕಡಲ ನೀರು ಎಳೆಯುವ ಪಂಪ್ ಕೆಲವು ಇಂಜಿನ್‌ಗಳಲ್ಲಿ ಬೆಲ್ಟ್‌ನಿಂದಲೇ ಓಡುತ್ತದೆ. ಅದರೊಳಗಿನ ರಬ್ಬರ್ ಚಕ್ರ ನೀರಿಲ್ಲದೆ ತಿರುಗಿದರೆ ಬೇಗ ಸುಟ್ಟುಹೋಗುತ್ತದೆ. ಹಾಗಾಗಿ ಕಿರುಚಾಟ ಕೇಳಿದರೆ ಮೊದಲು ಹೊರಗೆ ನೀರು ಬೀಳುತ್ತಿದೆಯಾ ನೋಡಬೇಕು. ಇನ್ನೊಂದು, ನ್ಯೂಟ್ರಲ್‌ನಲ್ಲಿ ಸುಮ್ಮನಿದ್ದು ಗೇರ್ ಹಾಕಿದಾಗ ಮಾತ್ರ ಕೂಗಿದರೆ ಅದು ಇಂಜಿನ್ ಅಲ್ಲ, ಬೋಟನ್ನು ತಳ್ಳುವ ನೀರೊಳಗಿನ ಫ್ಯಾನ್ ಕಡೆ ಹೋಗುವ ಶಾಫ್ಟ್. ಹಗ್ಗದಂಥ ಪ್ಯಾಕಿಂಗ್ ಇರುವ ಬೋಟ್‌ಗಳಲ್ಲಿ ಶಾಫ್ಟ್ ತಿರುಗುವಾಗ ಅಲ್ಲಿ ಹನಿ ಹನಿ ನೀರು ಬರಬೇಕು. ಸೋರುತ್ತದೆ ಅಂತ ಪೂರ್ತಿ ಬಿಗಿ ಮಾಡಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್ ಗೀರುತ್ತದೆ. ಹೊರಗಿನ ರಬ್ಬರ್ ಬೇರಿಂಗ್‌ಗೂ ನೀರೇ ಎಣ್ಣೆ. ಬಲೆಯ ದಾರ ಸುತ್ತಿಕೊಂಡು ಆ ನೀರು ನಿಂತರೆ ಅದೂ ಕಿರುಚುತ್ತದೆ. ನಮ್ಮ ವಾಟರ್ ಪಂಪಿನ ಚಿಕ್ಕ ತೂತಿಗೆ ಎಂ-ಸೀಲ್ ಮೆತ್ತುವುದೂ ಅಲ್ಲಿ ಹನಿ ನಿಲ್ಲಿಸುವುದೂ ಒಂದೇ ತಪ್ಪು ಅಂತ ನನಗೆ ಅವತ್ತು ಅನಿಸಿತು.

ಗಾಡಿಯಲ್ಲಿ ಇರಬೇಕಾದದ್ದು

ತೆಗೆದ ಬೆಲ್ಟ್‌ನಲ್ಲಿ ಸೀಳಿಲ್ಲದಿದ್ದರೆ, ಪಕ್ಕ ಹೊಳೆಯದಿದ್ದರೆ ಬಿಸಾಡಬೇಡಿ. ಒರೆಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಟೂಲ್ ಬಾಕ್ಸ್‌ನಲ್ಲಿ ಇಡಿ. ಬಿಸಿಲಿಗೆ ಬೀಳಬಾರದು, ಗ್ರೀಸ್ ತಾಗಬಾರದು. ಡೈನಮೋದ ಎರಡೂ ಬೋಲ್ಟ್‌ಗೆ ಕೂರುವ ಸ್ಪ್ಯಾನರ್‌ಗಳನ್ನು ಮೊದಲೇ ಹಾಕಿ ನೋಡಿ, ಅವನ್ನೂ ಅದೇ ಚೀಲದಲ್ಲಿ ಇಡಿ. ಒಂದು ಚಿಕ್ಕ ಟಾರ್ಚ್, ಐದು ಲೀಟರ್ ನೀರಿನ ಕ್ಯಾನ್. ದಾರಿಯಲ್ಲಿ ಬೆಲ್ಟ್ ತುಂಡಾದರೆ ಇಂಜಿನ್ ತಕ್ಷಣ ಆಫ್ ಮಾಡಿ, ಪೂರ್ತಿ ಆರಲು ಬಿಡಿ, ಬೆಲ್ಟ್ ಹಾಕಿ, ಆಮೇಲೆ ನೀರು ತುಂಬಿ.

ಆ ರೈತ ಈಗ ಟೆಂಪರೇಚರ್ ಮೀಟರ್‌ನ ಬಲ್ಬ್ ಹಾಕಿಸಿಕೊಂಡಿದ್ದಾನೆ. ನಲವತ್ತು ರೂಪಾಯಿಯೂ ಆಗಲಿಲ್ಲ. ನಿಮ್ಮ ಗಾಡಿಯದು ಉರಿಯುತ್ತದೆಯಾ, ಇವತ್ತು ಕತ್ತಲಾದ ಮೇಲೆ ಒಮ್ಮೆ ನೋಡಿ.